ಸಾರಾ ಸ್ಮೊಲಿನ್‌ಸ್ಕಿಯ ಸಮಾವರ್ತನ

೧

ವಿದ್ಯಾಭ್ಯಾಸವು ಮುಗಿದ ದಿನಕ್ಕೆ ಇಡುವ ಹೆಸರಿನಲ್ಲಿ ಒಂದೊಂದು ಜನಾಂಗವೂ ವಿದ್ಯೆಯನ್ನು ಕುರಿತ ತನ್ನ ಭಾವನೆಯನ್ನು ಅಡಗಿಸಿಟ್ಟಿರುತ್ತದೆ. ಭಾರತದ ಪ್ರಾಚೀನರು ಆ ಸಂಸ್ಕಾರವನ್ನು ಸಮಾವರ್ತನವೆಂದು ಕರೆದರು. ಗುರುಗೃಹದಿಂದ ತನ್ನ ಮನೆಗೆ ಹಿಂದಿರುಗುವುದೆಂದು ಅದರ ಅರ್ಥ. ಶಿಷ್ಯನು ಬ್ರಹ್ಮಚರ್ಯದ ಚಿಹ್ನೆಗಳನ್ನು ತ್ಯಜಿಸಿ, ಸ್ನಾನಮಾಡಿ, ಹೊಸ ವಸ್ತ್ರವನ್ನುಟ್ಟು ಊರ ದಾರಿಯನ್ನು ಹಿಡಿಯುತ್ತಿದ್ದನು. ಅಮೆರಿಕದ ಕಾಲೇಜುಗಳಲ್ಲಿ ಪದವೀಪ್ರದಾನದ ಉತ್ಸವಕ್ಕೆ ‘ಕಮೆನ್ಸ್‌ಮೆಂಟ್’ ಎಂದು ಹೆಸರು. ಅದು ಆರಂಭವನ್ನು ಸೂಚಿಸುವ ಮಾತು. ಮೊದಲನೆಯ ಹೆಸರು ಬಿಟ್ಟುಬಂದ ಮನೆಯ ಕಡೆಗೆ ಮುಖಮಾಡಿದೆ. ಎರಡನೆಯದು ಮುಂದಿನ ಬಾಳಿನ ಕಡೆಗೆ. ತಂದೆತಾಯಿಗಳೂ ಉಪಾಧ್ಯಾಯರೂ ಒಂದೇ ಸಭೆಯಲ್ಲಿ ಕುಳಿತು ಪದವೀಧರನನ್ನು ಹರಸುವಾಗ ಈ ಎರಡು ಅರ್ಥಗಳೂ ಒಂದಾಗುತ್ತವೆ. ಆ ಸಭೆಯಲ್ಲಿ ಮನೆಯವರು ಕುಳಿತುಕೊಳ್ಳಬೇಕಾದ ಸ್ಥಳವು ಬರಿದಾಗಿದ್ದರೆ ಉತ್ಸವಕ್ಕೆ ಉಳಿಯುವ ಅರ್ಥವೇನು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಆಂಜಿಯಾ ಯೆಜಿಯೆರ್ಸ್ಕಾ ಅವರು ೧೯೨೫ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಬ್ರೆಡ್ ಗಿವರ್ಸ್’ ಎಂಬ ಕಾದಂಬರಿಯ ಸಂವಿಧಾನವು ಸ್ಪಷ್ಟವಾಗುತ್ತದೆ. ಗ್ರಂಥದ ಹೆಸರು ಯಿದ್ದಿಷ್ ಭಾಷೆಯ ನುಡಿಯೊಂದರ ಪಡಿಯಚ್ಚು. ದುಡಿದು ಮನೆಮಂದಿಗೆ ಅನ್ನವಿಕ್ಕುವವರು, ಅನ್ನದಾತರು, ಎಂಬುದು ಅದರ ತಾತ್ಪರ್ಯ. ಹಳೆಯ ಲೋಕದ ತಂದೆಗೂ ಹೊಸ ಲೋಕದ ಮಗಳಿಗೂ ನಡೆದ ಹೋರಾಟವೇ ವಸ್ತುವೆಂದು ಉಪಶೀರ್ಷಿಕೆಯೇ ತಿಳಿಸುತ್ತದೆ. ಬಹುಕಾಲ ಮರೆಯಾಗಿದ್ದ ಈ ಗ್ರಂಥವು ೧೯೭೫ರಲ್ಲಿ ಆಲಿಸ್ ಕೆಸ್ಲರ್-ಹ್ಯಾರಿಸ್ ಅವರ ಪೀಠಿಕೆಯೊಡನೆ ಮರಳಿ ಅಚ್ಚಾಯಿತು. ಅಂದಿನಿಂದ ಅದನ್ನು ಹೆಣ್ಣಿನ ಬಿಡುಗಡೆಯ ಕಥೆಯೆಂದು ಓದುವ ವಾಡಿಕೆಯು ಬೆಳೆದುಬಂದಿದೆ. ಆ ಓದಿಗೆ ಆಧಾರವಿಲ್ಲದಿಲ್ಲ. ಆದರೆ ಬಿಡುಗಡೆಯೊಂದೇ ಕಥೆಯ ಗುರಿಯಾಗಿದ್ದ ಪಕ್ಷದಲ್ಲಿ ನಾಯಿಕೆಯು ಪದವಿಯನ್ನು ಪಡೆದ ದಿನವೇ ಗ್ರಂಥವು ಮುಗಿಯಬೇಕಾಗಿತ್ತು. ಹಾಗೆ ಮುಗಿಯುವುದಿಲ್ಲ. ಮೂರು ಭಾಗಗಳ ಈ ಕಾದಂಬರಿಯಲ್ಲಿ ಘಟಿಕೋತ್ಸವವು ಎರಡನೆಯ ಭಾಗದ ಕೊನೆಗೆ ಬರುತ್ತದೆ. ಅದರಿಂದ ಮುಂದೆ ಒಂದು ಭಾಗವೇ ಉಳಿದಿದೆ. ಉಳಿದ ಆ ಭಾಗವು ಕಥೆಗೆ ಅಂಟಿಸಿದ ಬಾಲವೋ, ಇಲ್ಲವೆ ಘಟಿಕೋತ್ಸವದ ದಿನ ನಡೆಯದೆ ಹೋದುದನ್ನು ನಡೆಸಿ ತೋರಿಸುವ ಭಾಗವೋ ಎಂಬುದೇ ಪ್ರಕೃತ ವಿಚಾರ.

೨

ಕಥೆಯ ಹಿನ್ನೆಲೆಯನ್ನು ಮೊದಲು ತಿಳಿದಿರಬೇಕು. ೧೮೮೧ರಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ಅಲೆಗ್ಸಾಂಡರನ ಕೊಲೆಯಾದ ತರುವಾಯ ಆ ದೇಶದ ಯೆಹೂದ್ಯರ ಮೇಲೆ ಹಿಂಸಾಚಾರವು ಮೊದಲಾಯಿತು. ಒಂದು ಕಡೆ ಭಯ, ಇನ್ನೊಂದು ಕಡೆ ಬಡತನ. ೧೯೨೪ರ ವಲಸೆಯ ಕಾನೂನು ಬಾಗಿಲನ್ನು ಮುಚ್ಚುವವರೆಗೆ ಪೂರ್ವ ಯೂರೋಪಿನಿಂದ ಸುಮಾರು ೨೦ ಲಕ್ಷ ಯೆಹೂದ್ಯರು ಅಮೆರಿಕವನ್ನು ಸೇರಿದರು. ಅವರಲ್ಲಿ ಬಹುಮಂದಿ ನ್ಯೂಯಾರ್ಕ್ ನಗರದ ಲೋಯರ್ ಈಸ್ಟ್ ಸೈಡ್ ಎಂಬ ಇಕ್ಕಟ್ಟಾದ ಕೇರಿಗಳಲ್ಲಿ ನೆಲಸಿದರು. ಕಾದಂಬರಿಯ ಮೊದಲನೆಯ ಭಾಗಕ್ಕೆ ಹೆಸರನ್ನು ಕೊಟ್ಟಿರುವ ಹೆಸ್ಟರ್ ಬೀದಿಯು ಇಂತಹ ಕೇರಿಗಳಲ್ಲಿ ಒಂದು.

ಈ ಜನರಿಗೆ ವಿದ್ಯೆಯು ಅಮೆರಿಕದಲ್ಲಿ ದೊರೆತ ಹೊಸ ಪದಾರ್ಥವಲ್ಲ. ತೋರಾ ಎಂಬ ಧರ್ಮಗ್ರಂಥವನ್ನೂ ತಾಲ್ಮೂದ್ ಎಂಬ ಅದರ ವಿಸ್ತಾರವಾದ ವಿಚಾರಸಂಗ್ರಹವನ್ನೂ ಜೀವಮಾನವೆಲ್ಲ ವ್ಯಾಸಂಗಮಾಡುವುದೇ ಗಂಡಸಿನ ಪರಮಧರ್ಮವೆಂದು ಅವರ ಸಂಪ್ರದಾಯವು ಎಣಿಸಿತ್ತು. ಪಂಡಿತನಾದ ಅಳಿಯನು ದೊರೆತರೆ ಮಾವನಿಗೆ ಹೆಮ್ಮೆ. ಗಂಡನು ಓದುತ್ತಿರಲು ಹೆಂಡತಿಯು ಅಂಗಡಿಯನ್ನಿಟ್ಟು ಸಂಸಾರವನ್ನು ಸಾಗಿಸುವುದು ಗೌರವದ ಮಾತಾಗಿದ್ದಿತು. ಆದರೆ ಆ ವ್ಯಾಸಂಗದಲ್ಲಿ ಹೆಣ್ಣಿಗೆ ಪಾಲಿರಲಿಲ್ಲ. ಅಮೆರಿಕದಲ್ಲಿ ಈ ಏರ್ಪಾಡು ತಲೆಕೆಳಗಾಯಿತು. ತಾಲ್ಮೂದ್ ಪಂಡಿತನಿಗೆ ಮನ್ನಣೆ ತಪ್ಪಿತು. ಅವನ ಮಗಳಿಗೆ ಸರಕಾರದ ಶಾಲೆಯ ಬಾಗಿಲು ತೆರೆಯಿತು. ಕಾಲೇಜಿನ ಬಾಗಿಲು ಮಾತ್ರ ಅಷ್ಟು ಸುಲಭವಾಗಿ ತೆರೆಯಲಿಲ್ಲ. ೧೯೨೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಲೊವೆಲ್ ಅವರು ಯೆಹೂದ್ಯ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯಿಡಬೇಕೆಂದು ಬಹಿರಂಗವಾಗಿಯೇ ಸೂಚಿಸಿದರು. ಮೂರು ವರ್ಷಗಳ ಮೇಲೆ ಪ್ರಕಟವಾದ ಈ ಕಾದಂಬರಿಯಲ್ಲಿ ಯೆಹೂದ್ಯ ಹುಡುಗಿಯೊಬ್ಬಳು ಕಾಲೇಜಿನ ಸಭೆಯಲ್ಲಿ ಜಯಘೋಷವನ್ನು ಪಡೆಯುವುದನ್ನು ಓದುವಾಗ ಈ ಸಂಗತಿಯು ನೆನಪಿನಲ್ಲಿರತಕ್ಕದ್ದು.

ಲೇಖಕಿಯ ಜೀವನವೂ ಕಥೆಗೆ ದೂರವಾದುದಲ್ಲ. ಆಗ ರಷ್ಯದ ಆಳ್ವಿಕೆಗೆ ಒಳಪಟ್ಟಿದ್ದ ಪೋಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನ್ಯೂಯಾರ್ಕಿಗೆ ಬಂದ ಅವರ ತಂದೆಯೂ ತಾಲ್ಮೂದ್ ವ್ಯಾಸಂಗದಲ್ಲಿ ಮುಳುಗಿದವರೇ. ೧೯೦೪ರಲ್ಲಿ ಅವರು ಕೊಲಂಬಿಯ ವಿಶ್ವವಿದ್ಯಾನಿಲಯದ ಉಪಾಧ್ಯಾಯರ ಕಾಲೇಜಿನಿಂದ ಪದವಿಯನ್ನು ಪಡೆದರು. ಪದವಿಯ ವಿಷಯ ಗೃಹವಿಜ್ಞಾನ. ತರುವಾಯ ದೊರೆತ ಉದ್ಯೋಗ ಅಡಿಗೆಯ ಪಾಠವನ್ನು ಹೇಳಿಕೊಡುವುದು. ಒಲೆಯ ಮುಂದಿನಿಂದ ಎದ್ದು ಹೋದವಳನ್ನು ವಿಶ್ವವಿದ್ಯಾನಿಲಯವು ಮತ್ತೆ ಒಲೆಯ ಮುಂದೆಯೇ ತಂದು ನಿಲ್ಲಿಸಿದ ವಿಪರ್ಯಾಸವಿದು. ಕಾದಂಬರಿಯಲ್ಲಿ ಈ ಸಂಗತಿಯು ಬರುವುದಿಲ್ಲ. ಅಲ್ಲಿಯ ಕಾಲೇಜಿಗೆ ಹೆಸರಿಲ್ಲ. ಅದು ನಗರದಿಂದ ದೂರವಾದ ಚಿಕ್ಕ ಊರಿನಲ್ಲಿದೆ. ತನಗೆ ದೊರೆಯದಿದ್ದ ಘಟಿಕೋತ್ಸವವನ್ನು ಲೇಖಕಿಯು ನಾಯಿಕೆಗೆ ಮಾಡಿಕೊಟ್ಟಂತಿದೆ. ಮಾಡಿಕೊಟ್ಟ ಮೇಲೆ ಅದು ಸಾಲದೆಂದು ತೋರಿಸಿರುವುದೇ ಗ್ರಂಥದ ವಿಶೇಷ.

೩

ರೆಬ್ ಸ್ಮೊಲಿನ್‌ಸ್ಕಿಯು ಸಮುದ್ರವನ್ನು ದಾಟುವಾಗ ಮನೆಯ ಸಾಮಾನುಗಳನ್ನು ಹಿಂದೆ ಬಿಟ್ಟು ಪುಸ್ತಕಗಳನ್ನು ಹೊತ್ತುತಂದ ಮನುಷ್ಯ. ಇಕ್ಕಟ್ಟಾದ ಮನೆಯಲ್ಲಿ ಮುಂದಿನ ಕೋಣೆಯು ಅವನಿಗೂ ಅವನ ಗ್ರಂಥಗಳಿಗೂ ಮೀಸಲು. ಬೆಸ್ಸಿ, ಮಾಷಾ, ಫಾನ್ಯಾ ಎಂಬ ಹಿರಿಯ ಮಕ್ಕಳ ದುಡಿಮೆಯಿಂದ ಒಲೆಯು ಉರಿಯಬೇಕು. ಅವರ ಮದುವೆಗಳು ತಂದೆಯ ಇಷ್ಟದಂತೆ ನಡೆಯಬೇಕು. ಆ ಮೂರು ಮದುವೆಗಳೂ ಕೆಡುತ್ತವೆ. ಕಿರಿಯವಳಾದ ಸಾರಾ ಹತ್ತನೆಯ ವಯಸ್ಸಿನಲ್ಲಿಯೇ ಬೀದಿಯಲ್ಲಿ ಮೀನು ಮಾರಿದವಳು. ಅಕ್ಕಂದಿರ ಗತಿಯನ್ನು ಕಂಡು, ಉಪಾಧ್ಯಾಯಿನಿಯಾಗಬೇಕೆಂಬ ಹಟವನ್ನು ತೊಟ್ಟು ಅವಳು ಮನೆಯನ್ನು ಬಿಡುತ್ತಾಳೆ. ಹಗಲು ಬಟ್ಟೆ ಇಸ್ತ್ರಿಮಾಡುವ ಕೆಲಸ, ರಾತ್ರಿ ಶಾಲೆ.

ಈ ಅವಧಿಯಲ್ಲಿ ಬರುವ ಸಣ್ಣದೊಂದು ಸನ್ನಿವೇಶವು ಮುಂದಿನ ಎಲ್ಲಕ್ಕೂ ಬೀಜವಾಗಿದೆ. ಚಳಿಯ ರಾತ್ರಿಯಲ್ಲಿ ತಾಯಿಯು ದೂರದ ಊರಿನಿಂದ ಗರಿಯ ಹಾಸಿಗೆಯೊಂದನ್ನೂ ಉಪ್ಪಿನಲ್ಲಿಟ್ಟ ಮೀನಿನ ಜಾಡಿಯನ್ನೂ ಹೊತ್ತು ಮಗಳ ಕೋಣೆಗೆ ಬರುತ್ತಾಳೆ. ಒಮ್ಮೆ ಮನೆಗೆ ಬಂದು ಹೋಗೆಂದು ಬೇಡುತ್ತಾಳೆ. ಓದು ತಡೆದರೆ ಮತ್ತೆ ಕೈಗೆ ಬಾರದು, ತಾಯಿಯನ್ನು ಕಾಣಲು ಮುಂದೆ ಕಾಲವಿದೆ, ಎಂಬುದು ಮಗಳ ಲೆಕ್ಕ. ವಿದ್ಯೆಗೆ ಕಾಲವು ನಿಯತ, ತಾಯಿಗೆ ಕಾಲವು ಅನಂತ ಎಂಬ ಈ ಎಣಿಕೆಯು ಓದುವ ಮಕ್ಕಳಲ್ಲಿ ಸಾಮಾನ್ಯವಾದುದು. ಕಾದಂಬರಿಯು ಅದನ್ನು ಆಗಲೇ ಖಂಡಿಸುವುದಿಲ್ಲ. ಅದರ ಬೆಲೆಯನ್ನು ಮುಂದೆ ವಸೂಲುಮಾಡುತ್ತದೆ.

ಕಾಲೇಜಿನಲ್ಲಿ ಸಾರಾಳಿಗೆ ಸಹಪಾಠಿಗಳ ಸ್ನೇಹವು ದೊರೆಯುವುದಿಲ್ಲ, ಗುರುಗಳು ದೊರೆಯುತ್ತಾರೆ. ಮನಶ್ಶಾಸ್ತ್ರವನ್ನು ಹೇಳುವ ಎಡ್ಮನ್ ಎಂಬವರು, ಬಾಳಿನಲ್ಲಿ ಅನುಭವಿಸಿದುದೇ ಆ ಶಾಸ್ತ್ರಕ್ಕೆ ಸಾಮಗ್ರಿಯೆಂದು ತೋರಿಸಿಕೊಡುತ್ತಾರೆ. ಕಾಲೇಜಿನ ಡೀನರು, ಕಾಡನ್ನು ಕಡಿದು ನೆಲಸಿದ ತಮ್ಮ ಅಜ್ಜಿಯ ಕಾಲದವರಂತೆ ಅವಳೂ ಹೊಸ ನೆಲವನ್ನು ಹಸನುಮಾಡುವವಳೆಂದು ಧೈರ್ಯ ಹೇಳುತ್ತಾರೆ. ಕೇರಿಯ ಬದುಕನ್ನು ಅವಳು ಅವಮಾನವೆಂದು ಬಚ್ಚಿಟ್ಟಿದ್ದಳು. ಈ ಇಬ್ಬರು ಅದನ್ನು ಬಂಡವಾಳವೆಂದು ಅವಳ ಕೈಗೇ ಹಿಂದಿರುಗಿಸುತ್ತಾರೆ. ಗುರುವು ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದು ಅಪರೂಪ.

ಘಟಿಕೋತ್ಸವವು ಇದರ ಫಲ. ಕಾಲೇಜಿನಿಂದ ತನಗಾದ ಲಾಭವೇನೆಂಬುದನ್ನು ಕುರಿತು ಪ್ರಬಂಧವನ್ನು ಬರೆದವರಿಗೆ ಊರಿನ ಪತ್ರಿಕೆಯ ಒಡೆಯನು ೧,೦೦೦ ಡಾಲರುಗಳ ಬಹುಮಾನವನ್ನು ಇಟ್ಟಿರುತ್ತಾನೆ. ಸಭೆಯ ದಿನ ಸಾರಾ ಸ್ಮೊಲಿನ್‌ಸ್ಕಿಯ ಹೆಸರು ಕೇಳಿಬರುತ್ತದೆ; ಅವಳನ್ನು ಕಣ್ಣೆತ್ತಿ ನೋಡದಿದ್ದ ವಿದ್ಯಾರ್ಥಿಗಳು ಜಯಘೋಷ ಮಾಡುತ್ತಾರೆ. ಗ್ರಂಥದ ಅತ್ಯಂತ ಸಂತೋಷದ ಗಳಿಗೆಯು ಇದೇ. ಆದರೂ ಬಡವರ ಮನೆಯ ಒಂದು ಚೂರು ರೊಟ್ಟಿಯ ಜಗಳವನ್ನು ಪುಟಗಟ್ಟಲೆ ವರ್ಣಿಸಿದ ಲೇಖನಿಯು ಇಲ್ಲಿ ಅವಸರವಾಗಿ ಓಡುತ್ತದೆ. ಇದನ್ನು ವರ್ಣನಾಶಕ್ತಿಯ ಕೊರತೆಯೆಂದು ಬಗೆಯುವುದು ಸರಿಯಾಗಲಾರದು. ಸಭೆಯಲ್ಲಿ ಗುರುಗಳಿದ್ದಾರೆ, ಸಹಪಾಠಿಗಳಿದ್ದಾರೆ, ಆದರೆ ಹೆಸರನ್ನು ಕೂಗಿದಾಗ ಅದು ತಮ್ಮ ಮನೆತನದ ಹೆಸರೆಂದು ತಲೆಯೆತ್ತುವವರು ಒಬ್ಬರೂ ಇಲ್ಲ. ಮಗಳ ಪ್ರಬಂಧಕ್ಕೆ ಬಹುಮಾನವನ್ನು ತಂದ ಬದುಕು ಯಾರದೋ ಅವರೇ ಅದನ್ನು ಕೇಳಲಿಲ್ಲ.

೪

ಮೂರನೆಯ ಭಾಗಕ್ಕೆ ‘ಹೊಸ ಲೋಕ’ವೆಂದು ಅರ್ಥ ಬರುವ ಹೆಸರಿದೆ. ಅದರ ಮೊದಲಲ್ಲಿಯೇ ಸಾರಾ ನ್ಯೂಯಾರ್ಕಿಗೆ ಹಿಂದಿರುಗಿ, ಕೈಗೆ ಬಂದ ಹಣದಲ್ಲಿ ಕಡುನೀಲಿಯ ಉಣ್ಣೆಯ ಉಡುಪೊಂದನ್ನು ಕೊಳ್ಳುತ್ತಾಳೆ. ಆಡಂಬರವಿಲ್ಲದ, ಗಟ್ಟಿಯಾದ, ಉಪಾಧ್ಯಾಯಿನಿಗೆ ಒಪ್ಪುವ ಉಡುಪು. ಸ್ನಾತಕನು ಉಡುವ ಹೊಸ ವಸ್ತ್ರಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಕನ್ನಡದ ವಾಚಕರು ಕೂಡಲೆ ಕಾಣಬಲ್ಲರು. ಘಟಿಕೋತ್ಸವದ ದಿನ ತೊಟ್ಟ ನಿಲುವಂಗಿಯು ಕಾಲೇಜಿಗೆ ಸೇರಿದುದು. ಈ ನೀಲಿಯ ಉಡುಪು ಅವಳದೇ. ಪದವಿಯು ಅವಳ ಮೈಯ ಮೇಲೆ ನಿಜವಾಗಿ ಬಂದು ಕುಳಿತುದು ಇಲ್ಲಿಯೇ.

ಆ ಉಡುಪನ್ನು ತೊಟ್ಟು ಮನೆಗೆ ಹೋದಾಗ ತಾಯಿಯು ಮರಣಶಯ್ಯೆಯಲ್ಲಿದ್ದಾಳೆ. ತಂದೆಯನ್ನು ನೋಡಿಕೊಳ್ಳೆಂದು ಮಗಳಲ್ಲಿ ಕೇಳಿಕೊಂಡು ಅವಳು ಕಣ್ಣುಮುಚ್ಚುತ್ತಾಳೆ. ಸತ್ತವರ ಹತ್ತಿರದ ಬಂಧುಗಳು ತೊಟ್ಟ ಬಟ್ಟೆಯನ್ನು ಹರಿದುಕೊಳ್ಳುವುದು ಯೆಹೂದ್ಯರ ಆಚಾರ. ಕೆರಿಆ ಎಂದು ಅದಕ್ಕೆ ಹೆಸರು. ಹರಿದ ಬಟ್ಟೆಯು ಹರಿದ ಹೃದಯದ ಗುರುತು. ಶವಸಂಸ್ಕಾರದವನು ಕತ್ತಿಯನ್ನು ಹಿಡಿದು ಒಬ್ಬೊಬ್ಬರ ಬಟ್ಟೆಯನ್ನೂ ಸೀಳುತ್ತ ಬರುತ್ತಾನೆ. ಸಾರಾಳ ಸರದಿಯು ಬಂದಾಗ ಅವಳು ಒಪ್ಪುವುದಿಲ್ಲ. ತನಗೆ ಅದರಲ್ಲಿ ನಂಬಿಕೆಯಿಲ್ಲ, ಕೆಲಸಕ್ಕೆ ಹೋಗಲು ಇರುವ ಉಡುಪು ಇದೊಂದೇ, ಇದನ್ನು ಹರಿದರೆ ತಾಯಿಯು ಮರಳಿ ಬರುವಳೇ, ಎಂಬುದು ಅವಳ ವಾದ. ನೆರೆದವರ ಕಣ್ಣುಗಳು ಅವಳನ್ನು ಸುಡುತ್ತವೆ.

ಈ ಸನ್ನಿವೇಶವನ್ನು ವಿಚಾರಶೀಲೆಯ ಧೈರ್ಯವೆಂದು ಹೊಗಳುವವರಿರಬಹುದು, ಕಠಿಣಹೃದಯವೆಂದು ಹಳಿಯುವವರಿರಬಹುದು. ಲೇಖಕಿಯು ಎರಡು ಪಕ್ಷವನ್ನೂ ವಹಿಸಿಲ್ಲ. ಸಾರಾ ಹೇಳುವ ಕಾರಣಗಳಲ್ಲಿ ಒಂದು ನಂಬಿಕೆಗೆ ಸೇರಿದುದು, ಇನ್ನೊಂದು ಬಡತನಕ್ಕೆ ಸೇರಿದುದು. ಎರಡನೆಯದೇ ಹೆಚ್ಚು ನಿಜ. ಒಂದೇ ಉಡುಪುಳ್ಳವಳ ಭಯವನ್ನು ಆ ಕೇರಿಯ ಜನರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವರೆಲ್ಲ ತಮ್ಮ ಬಟ್ಟೆಯನ್ನು ಹರಿಯಗೊಟ್ಟರು. ಪದವಿಯ ಚಿಹ್ನೆಯಾದ ವಸ್ತ್ರವನ್ನು ದುಃಖದ ಚಿಹ್ನೆಯಾಗಲು ಬಿಡದೆ ಸಾರಾ ಎರಡನ್ನೂ ಬೇರೆಯಾಗಿಯೇ ಉಳಿಸಿಕೊಂಡಳು. ವಿದ್ಯೆಯು ಅವಳನ್ನು ಮನೆಯಿಂದ ಎಷ್ಟು ದೂರಕ್ಕೆ ಒಯ್ದಿದೆಯೆಂಬುದಕ್ಕೆ ಹರಿಯದ ಆ ಬಟ್ಟೆಯೇ ಅಳತೆಗೋಲು. ಅವಳು ಮನೆಗೆ ಬಂದಿದ್ದಾಳೆ, ಹಿಂದಿರುಗಿಲ್ಲ.

೫

ಇಲ್ಲಿಂದ ಮುಂದೆ ಕಾದಂಬರಿಯು ಮನೆಯನ್ನೂ ಶಾಲೆಯನ್ನೂ ಒಂದೆಡೆ ತರುವ ಕೆಲಸವನ್ನು ಕೈಗೊಳ್ಳುತ್ತದೆ. ತಾಯಿಯು ತೀರಿಕೊಂಡ ಸ್ವಲ್ಪ ಕಾಲದಲ್ಲಿಯೇ ತಂದೆಯು ನೆರೆಮನೆಯ ವಿಧವೆಯನ್ನು ಮದುವೆಯಾಗುತ್ತಾನೆ. ಮಕ್ಕಳಿಂದ ಹಣವನ್ನು ಬಯಸಿದ ಆ ಮಲತಾಯಿಯು ಸಾರಾ ಪಾಠ ಹೇಳುವ ಶಾಲೆಯ ಮುಖ್ಯೋಪಾಧ್ಯಾಯ ಹ್ಯೂಗೋ ಸೀಲಿಗ್ ಎಂಬವನಿಗೆ ದೂರಿನ ಕಾಗದವನ್ನು ಬರೆಯುತ್ತಾಳೆ. ಘಟಿಕೋತ್ಸವದಲ್ಲಿ ಹಾರೈಕೆಯ ಮಾತಿನಿಂದ ಆಗಬೇಕಾಗಿದ್ದ ಮನೆಯವರ ಮತ್ತು ಗುರುಗಳ ಪರಿಚಯವು ಇಲ್ಲಿ ದೂರಿನ ಕಾಗದದಿಂದ ಮೊದಲಾಗುತ್ತದೆ. ಸೀಲಿಗನು ಪೋಲೆಂಡಿನ ಅದೇ ಸೀಮೆಯಲ್ಲಿ ಹುಟ್ಟಿದವನು. ಕಾಗದವನ್ನು ಓದಿ ಅವನು ಸಾರಾಳನ್ನು ಹಳಿಯುವುದಿಲ್ಲ, ಅರ್ಥಮಾಡಿಕೊಳ್ಳುತ್ತಾನೆ.

ಇದೇ ಸೀಲಿಗನು ತರಗತಿಯಲ್ಲಿ ಸಾರಾಳ ಉಚ್ಚಾರಣೆಯನ್ನು ತಿದ್ದಿದವನು. ಮಕ್ಕಳಿಗೆ ಇಂಗ್ಲಿಷನ್ನು ಹೇಳಿಕೊಡುತ್ತಿರುವಾಗ ಅವಳ ನಾಲಗೆಯಲ್ಲಿ ಹೆಸ್ಟರ್ ಬೀದಿಯ ಧ್ವನಿಯು ತಲೆಹಾಕುತ್ತದೆ. ಪದವಿಪತ್ರವು ಅಳಿಸಲಾರದ ಗುರುತು ಅದು. ಹೀಗೆ ಉಪಾಧ್ಯಾಯಿನಿಯಾದವಳು ಮತ್ತೆ ಶಿಷ್ಯೆಯಾಗುತ್ತಾಳೆ. ಇದಕ್ಕೆ ಪ್ರತಿಯಾದ ಇನ್ನೊಂದು ಶಿಷ್ಯತ್ವವು ಗ್ರಂಥದ ಕೊನೆಗೆ ಬರುತ್ತದೆ. ಬೀದಿಯಲ್ಲಿ ಸಣ್ಣ ಸಾಮಾನನ್ನು ಮಾರುತ್ತ ದುರವಸ್ಥೆಯಲ್ಲಿರುವ ತಂದೆಯನ್ನು ಸಾರಾ ಕಾಣುತ್ತಾಳೆ. ಸೀಲಿಗನು ಆ ಮುದುಕನ ಬಳಿಗೆ ಹೋಗಿ, ತನಗೆ ಹೀಬ್ರೂ ಭಾಷೆಯ ಪಾಠವನ್ನು ಹೇಳಬೇಕೆಂದು ಕೇಳಿಕೊಳ್ಳುತ್ತಾನೆ.

ಗ್ರಂಥದ ನಿಜವಾದ ಘಟಿಕೋತ್ಸವವು ಇದು. ಅಮೆರಿಕದ ಶಾಲೆಯ ಮುಖ್ಯಸ್ಥನು, ಅಮೆರಿಕವು ನಿಷ್ಪ್ರಯೋಜಕನೆಂದು ತಳ್ಳಿದ ಪಂಡಿತನ ಮುಂದೆ ವಿದ್ಯಾರ್ಥಿಯಾಗಿ ನಿಂತಿದ್ದಾನೆ. ಯಾರ ವಿದ್ಯೆಗೆ ಹೊಸ ಲೋಕದಲ್ಲಿ ಬೆಲೆಯಿಲ್ಲವೆಂದು ಮಗಳು ಮನೆಯನ್ನು ಬಿಟ್ಟಳೋ ಅವನ ವಿದ್ಯೆಗೆ ಮಗಳ ಗುರುವೇ ಬೆಲೆಯನ್ನು ಕೊಡುತ್ತಾನೆ. ಮುದುಕನು ಅರಳುತ್ತಾನೆ. ಆದರೆ ಲೇಖಕಿಯು ಇದನ್ನು ಸುಖಾಂತವನ್ನಾಗಿ ಮಾಡಿ ಕೈತೊಳೆದುಕೊಂಡಿಲ್ಲ. ತಮ್ಮೊಡನೆ ಬಂದಿರೆಂದು ಕರೆದರೆ ತಂದೆಯು ಮನೆಯಲ್ಲಿ ಧರ್ಮದ ಆಚಾರಗಳು ನಡೆಯಬೇಕೆಂದು ಕೇಳುತ್ತಾನೆ. ಅವನು ಒಂದು ಎಳೆಯಷ್ಟೂ ಬದಲಾಗಿಲ್ಲ. ಅವನ ಮಂತ್ರಪಠನದ ಧ್ವನಿಯನ್ನು ಕೇಳುತ್ತ ನಡೆಯುವ ಸಾರಾಳಿಗೆ ತನ್ನ ಹೆಗಲಿನ ಮೇಲಿನ ಭಾರವು ತಂದೆಯೊಬ್ಬನದಲ್ಲ, ಅವನ ಹಿಂದಿನ ತಲೆಮಾರುಗಳದೆಂದು ತೋರುತ್ತದೆ. ಹಿಂದಿರುಗುವುದೆಂದರೆ ಹೀಗೆ ಭಾರವನ್ನು ಹೊರುವುದೇ ಹೊರತು ಹಗುರವಾಗುವುದಲ್ಲವೆಂದು ಕಾದಂಬರಿಯು ಹೇಳುವಂತಿದೆ.

೬

ಇದೇ ಜನಾಂಗದ ಇನ್ನೆರಡು ಗ್ರಂಥಗಳೊಡನೆ ಹೋಲಿಸಿದರೆ ಈ ಮಾತಿನ ಬೆಲೆಯು ತಿಳಿಯುತ್ತದೆ. ಮೇರಿ ಆಂಟಿನ್ ಅವರು ೧೯೧೨ರಲ್ಲಿ ಪ್ರಕಟಿಸಿದ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಎಂಬ ಆತ್ಮಚರಿತ್ರೆಯಲ್ಲಿ ತಂದೆಯು ತಾನೇ ಮಕ್ಕಳ ಕೈಹಿಡಿದು ಅಮೆರಿಕದ ಶಾಲೆಗೆ ಕರೆದುತಂದು, ಹರಕು ಇಂಗ್ಲಿಷಿನಲ್ಲಿ ಉಪಾಧ್ಯಾಯಿನಿಗೆ ಒಪ್ಪಿಸುತ್ತಾನೆ. ಮನೆ ಮತ್ತು ಶಾಲೆಗಳ ಭೇಟಿಯು ಅಲ್ಲಿ ವಿದ್ಯಾರಂಭದ ದಿನವೇ ಆಗಿಹೋಗುತ್ತದೆ; ಅದರಿಂದಲೇ ಆ ಗ್ರಂಥದಲ್ಲಿ ಆಶೆಯ ಬೆಳಕು ಹೆಚ್ಚು. ಖೈಮ್ ಪೊಟೊಕ್ ಅವರ ‘ದಿ ಚೋಸನ್’ ಎಂಬ ೧೯೬೭ರ ಕಾದಂಬರಿಯಲ್ಲಿ ಧರ್ಮಗುರುವಿನ ಮಗನಾದ ಡ್ಯಾನಿಯು ತಂದೆಯ ಪೀಠವನ್ನು ಬಿಟ್ಟು ಮನಶ್ಶಾಸ್ತ್ರವನ್ನು ಓದಲು ಬಯಸುತ್ತಾನೆ. ವರ್ಷಗಳ ಮೌನವನ್ನು ಮುರಿದು ತಂದೆಯು ಮಗನಿಗೆ ಸಮ್ಮತಿಯನ್ನು ಕೊಡುವುದು ಪದವಿಗೆ ಮುಂಚಿನ ಪಾಸೋವರ್ ಹಬ್ಬದ ಕಾಲದಲ್ಲಿ. ಆದಕಾರಣ ಡ್ಯಾನಿಯು ಕಾಲೇಜನ್ನು ಮುಗಿಸುವಾಗ ತಂದೆಯ ಆಶೀರ್ವಾದವು ಅವನ ಬೆನ್ನಿಗಿದೆ. ಆಂಟಿನ್ ಅವರಲ್ಲಿ ಒಪ್ಪಿಗೆಯು ಮೊದಲೇ ಬಂದಿತು. ಪೊಟೊಕ್ ಅವರಲ್ಲಿ ಉತ್ಸವದ ಹೊಸ್ತಿಲಿನಲ್ಲಿ ಬಂದಿತು. ಯೆಜಿಯೆರ್ಸ್ಕಾ ಅವರಲ್ಲಿ ಉತ್ಸವವು ಮುಗಿದು, ತಾಯಿಯು ಸತ್ತ ಮೇಲೆ, ಅರ್ಧವಾಗಿ ಬಂದಿತು. ಆ ಇಬ್ಬರಲ್ಲಿಯೂ ಓದುವ ಮಗುವಿಗೆ ತಂದೆಯ ಒತ್ತಾಸೆಯಾಗಲಿ ತಂದೆಯ ವಿದ್ಯೆಯಲ್ಲಿ ಪಾಲಾಗಲಿ ಇದ್ದಿತು. ಸಾರಾಳಿಗೆ ಎರಡೂ ಇರಲಿಲ್ಲ. ತಂದೆಯ ವಿದ್ಯೆಯಲ್ಲಿ ಎಂದೂ ಪಾಲಿಲ್ಲದ ಮಗಳು ಅದನ್ನು ಬಿಟ್ಟುಹೋಗುವ ಹಕ್ಕನ್ನಾದರೂ ಕೇಳಬಲ್ಲಳು. ಆಶೀರ್ವಾದವನ್ನು ಹೇಗೆ ಕೇಳಬಲ್ಲಳು?

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಭಾವಾವೇಶವು ಅನೇಕ ಕಡೆಗಳಲ್ಲಿ ಮಿತಿಯನ್ನು ಮೀರಿದೆ. ಪಾತ್ರಗಳು ಮಾತನಾಡುವುದಕ್ಕಿಂತ ಕೂಗುವುದೇ ಹೆಚ್ಚು. ಸೀಲಿಗನು ಅದೇ ಸೀಮೆಯವನಾಗಿರುವುದು, ತಂದೆಯು ಬೀದಿಯಲ್ಲಿ ಕಣ್ಣಿಗೆ ಬೀಳುವುದು ಮೊದಲಾದ ಆಕಸ್ಮಿಕಗಳು ಸಂವಿಧಾನಕ್ಕೆ ಅನುಕೂಲವಾಗಿವೆಯೇ ಹೊರತು ಸಹಜವಾಗಿಲ್ಲ. ಸಾವಿರ ಡಾಲರುಗಳ ಬಹುಮಾನದಲ್ಲಿ ಅಜ್ಜಿಕತೆಯ ಛಾಯೆಯಿದೆ. ಆದರೆ ಆ ಬಹುಮಾನವನ್ನು ನೀಲಿಯ ಉಡುಪನ್ನಾಗಿ ಮಾಡಿ, ಆ ಉಡುಪನ್ನು ಶವದ ಮುಂದೆ ತಂದು ನಿಲ್ಲಿಸಿದ ಕೈಯು ಅಜ್ಜಿಕತೆಯದಲ್ಲ. ಅದು ಸಮರ್ಥ ಕಾದಂಬರಿಕಾರ್ತಿಯ ಕೈ.

ಗ್ರಂಥದ ಹೆಸರಿಗೂ ಇಲ್ಲಿಯೇ ಪೂರ್ಣವಾದ ಅರ್ಥವು ಬರುತ್ತದೆ. ಮೊದಲಲ್ಲಿ ಅನ್ನದಾತರೆಂದರೆ ತಂದೆಯ ವಿದ್ಯೆಗಾಗಿ ದುಡಿದ ಹೆಣ್ಣುಮಕ್ಕಳು. ಕೊನೆಯಲ್ಲಿ ಪದವೀಧರೆಯಾದ ಮಗಳೂ ಆ ಸಾಲಿಗೇ ಬಂದು ಸೇರುತ್ತಾಳೆ. ಮುದುಕನಾದ ತಂದೆಯನ್ನು ಸಾಕುವ ಹೊರೆಯು ಅವಳದಾಗುತ್ತದೆ. ಅಕ್ಕಂದಿರಿಗೆ ಬೇರೆ ದಾರಿಯಿರಲಿಲ್ಲ. ಇವಳು ಬೇರೆ ದಾರಿಯಲ್ಲಿ ಬಹುದೂರ ಹೋಗಿ, ಕಂಡು, ಮರಳಿ ಬಂದವಳು. ವಿದ್ಯೆಯಿಂದ ಆದ ವ್ಯತ್ಯಾಸವು ಇಷ್ಟೇ, ಮತ್ತು ಇದು ಸಣ್ಣದಲ್ಲ. ಘಟಿಕೋತ್ಸವದ ಸಭೆಯಲ್ಲಿ ಬಂಧುಗಳಿಲ್ಲದೆ ಕುಳಿತುಕೊಳ್ಳುವ ಮಕ್ಕಳು ಯಾವ ದೇಶದ ಕಾಲೇಜಿನಲ್ಲಿಯೂ ಇರುವರು. ಅವರಿಗೆ ಪಾಠ ಹೇಳುವವರು ಈ ಕಾದಂಬರಿಯಲ್ಲಿ ಎಡ್ಮನ್ ಮತ್ತು ಡೀನರ ಉಪಕಾರವನ್ನು ಮಾತ್ರವಲ್ಲದೆ ಸೀಲಿಗನ ವಿನಯವನ್ನೂ ಗಮನಿಸತಕ್ಕದ್ದು. ಶಿಷ್ಯೆಗೆ ವಿದ್ಯೆಯನ್ನು ಕೊಟ್ಟವರು ಆ ಇಬ್ಬರು. ಅವಳ ಮನೆಯಲ್ಲಿಯೂ ವಿದ್ಯೆಯಿದ್ದಿತೆಂದು ಕಂಡವನು ಸೀಲಿಗನೊಬ್ಬನೇ.